ಚೌಳಹಿರಿಯೂರಿಗೆ ಹೋದ ಈರುಳ್ಳಿ

"ಮೇಡಂ ಹೇಳಿದ್ದು ಕೇಳೋಕೆ ತುಂಬಾ ಚೆನ್ನಾಗಿದೆ. ಆದ್ರೆ ತಪ್ಪು."

ತರೀಕೆರೆಯ ಕಾಲೇಜಿನ ಸಭಾಂಗಣದ ಹಿಂದಿನ ಬೆಂಚುಗಳಿಂದ "ಹೋ...!" ಎಂಬ ಕೂಗು ಎದ್ದಿತು.

ವೇದಿಕೆಯ ಮೇಲಿದ್ದ ಸ್ಫೂರ್ತಿಯ ಕಿವಿ ಕಾದುಹೋಯಿತು. ಇನ್ನೂರು ಮಕ್ಕಳ ಮುಂದೆ! ಅದೂ ತಾನು ಪಾಠ ಮಾಡುವ ಮಕ್ಕಳ ಮುಂದೆ! ಯಾರೀ ಮನುಷ್ಯ?

ಅವನ ಹೆಸರು ರುದ್ರಮೂರ್ತಿ. ಕಡೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ. 'ಪೇಟೆ ಮುಗ್ಗರಿಸಿದಾಗ ಸರ್ಕಾರ ಏನು ಮಾಡಬೇಕು?' ಎಂಬ ಚರ್ಚೆಗೆ ಬಂದಿದ್ದ. ಸ್ಫೂರ್ತಿ ಅರ್ಥಶಾಸ್ತ್ರಜ್ಞ ಕೇನ್ಸ್‌ನ ಪಂಥದ ಪರ ಮಾತಾಡಬೇಕಿತ್ತು, ಅವನು ಪೇಟೆಯನ್ನು ಅದರ ಪಾಡಿಗೆ ಬಿಡಬೇಕೆನ್ನುವ ಆಸ್ಟ್ರಿಯನ್ ಪಂಥದ ಪರ. ಅವಳು ಆಗಷ್ಟೇ ಮಾತು ಮುಗಿಸಿದ್ದಳು. ಒಬ್ಬರ ಖರ್ಚೇ ಇನ್ನೊಬ್ಬರ ಸಂಪಾದನೆ, ಎಲ್ಲರೂ ಒಟ್ಟಿಗೇ ಕೈ ಬಿಗಿಹಿಡಿದರೆ ಊರಿಗೆ ಊರೇ ನಿಂತುಹೋಗುತ್ತದೆ, ಆಗ ಸರ್ಕಾರವಾದರೂ ಮೊದಲು ಕೈ ಬಿಚ್ಚಬೇಕು ಎಂದಿದ್ದಳು.

"ಯಾರಿಗೆ ಏನು ಬೇಕು, ಎಷ್ಟು ಬೇಕು ಅನ್ನೋದು ಅವರವರಿಗೆ ಮಾತ್ರ ಗೊತ್ತು," ಎಂದ ರುದ್ರಮೂರ್ತಿ, ಮೈಕಿನ ಹತ್ತಿರ ಬಂದು. "ಅದನ್ನ ಊರಿಗೆಲ್ಲ ತಿಳಿಸೋದೇ ಬೆಲೆ. ಮೇಲೆ ಕೂತವರು ನಡುವೆ ಕೈ ಹಾಕಿದ್ರೆ ಸುಳ್ಳು ಸುದ್ದಿ ಹಬ್ಬುತ್ತೆ. ಈ ವರ್ಷ ಸರ್ಕಾರ ಈರುಳ್ಳಿ ಕೊಂಡ್ರೆ ಮುಂದಿನ ವರ್ಷ ಎಲ್ಲರೂ ಈರುಳ್ಳೀನೇ ಹಾಕ್ತಾರೆ. ಆಮೇಲೆ?"

"ಹಾಗಾದ್ರೆ ಏನ್ಮಾಡ್ಬೇಕು ಸರ್?"

"ಕಾಯ್ಬೇಕು ಮೇಡಂ. ಬೆಲೆ ತಾನಾಗಿ ಸರಿಹೋಗುತ್ತೆ."

"ಕಾಯ್ಬೇಕಾ!" ಸ್ಫೂರ್ತಿಗೆ ತಡೆಯಲಾಗಲಿಲ್ಲ. "ನಾನು ಅಜ್ಜಂಪುರದೋಳು ಸರ್. ಈರುಳ್ಳಿ ಅಂದ್ರೇನು ಅಂತ ನಂಗೂ ಗೊತ್ತು. ನೀವು ಕಾಯ್ತಾ ಕೂತ್ರೆ ಅಷ್ಟರಲ್ಲಿ ಅದಕ್ಕೆ ಮೊಳಕೆ ಬಂದಿರುತ್ತೆ!"

ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ! ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿ, ಮಗುವಿನ ಹಾಗೆ ನಗುತ್ತಿದ್ದ. ಸೋತಾಗ ಇಷ್ಟು ಚೆಂದ ನಗುವ ಮನುಷ್ಯನನ್ನು ಅವಳು ನೋಡಿರಲಿಲ್ಲ.

ಟೀ ಕುಡಿಯುವಾಗ ಹತ್ತಿರ ಬಂದ. "ಮೊಳಕೆಗೆ ನನ್ನ ಹತ್ರ ಉತ್ತರ ಇಲ್ಲ ಮೇಡಂ. ನಮ್ದು ಚೌಳಹಿರಿಯೂರು. ನಾವೂ ಈರುಳ್ಳಿ ಬೆಳೆಯೋರೇ. ಮೊಳಕೆ ಬಂದದ್ದನ್ನ ಎಷ್ಟು ಸಲ ಎಮ್ಮೆಗೆ ಹಾಕಿದ್ದೀವೋ..."

ಅಷ್ಟೇ ಹೇಳಿ ಹೋದ. ಬಸ್ಸಿನಲ್ಲಿ ಅಜ್ಜಂಪುರದವರೆಗೂ ಸ್ಫೂರ್ತಿ ಅವನನ್ನು ಮನಸ್ಸಿನಲ್ಲೇ ಬೈದಳು. ಮನೆ ಬಾಗಿಲಿಗೆ ಬಂದ ಮೇಲೆ ನೋಡಿದರೆ, ತಾನು ನಗುತ್ತಿದ್ದಳು. ಯಾಕೆ? ಅವಳಿಗೇ ತಿಳಿಯಲಿಲ್ಲ.

* * *

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಹೆಣ್ಣು ನೋಡುವ ಶಾಸ್ತ್ರ. ಗಿರಿಯಪ್ಪ ಮೇಷ್ಟ್ರು ತಂದ ಸಂಬಂಧವಂತೆ. ಹುಡುಗನ ಫೋಟೋ ನೋಡುವುದಕ್ಕೂ ಸ್ಫೂರ್ತಿ ಒಪ್ಪಿರಲಿಲ್ಲ. ಯಾರಾದರೇನು, ಉಪ್ಪಿಟ್ಟು ತಿಂದು ಹೋಗುತ್ತಾರೆ ಎಂದುಕೊಂಡಿದ್ದಳು.

ತಟ್ಟೆ ಹಿಡಿದು ನಡುಮನೆಗೆ ಬಂದವಳು ತಲೆ ಎತ್ತಿದಳು.

ಅವನೇ!

ಅಮ್ಮ ಮಲ್ಲಿಕಾಂಬ ಹಿಂದಿನಿಂದ ತಿವಿದಳು. "ತಟ್ಟೆ ಕೊಡೇ, ನಿಂತ್ಬಿಟ್ಟಳು ಕಂಬದ ಹಂಗೆ!"

ಐದು ನಿಮಿಷ ಮಾತಾಡಿಕೊಳ್ಳಲಿ ಎಂದು ಹಿರಿಯರು ಇಬ್ಬರನ್ನೂ ತಾರಸಿಗೆ ಕಳಿಸಿದರು. ಒಗೆದು ಹರವಿದ ಗೋಣಿಚೀಲಗಳು ಅಲ್ಲೆಲ್ಲ ಒಣಗುತ್ತಿದ್ದವು. ಸ್ಫೂರ್ತಿಯ ಅಪ್ಪ ಮಲ್ಲಿಕಾರ್ಜುನಪ್ಪನದು ಪೇಟೆಯಲ್ಲಿ ಚೀಲದ ಅಂಗಡಿ. ಅವರ ಪ್ರತಿ ಚೀಲದ ಮೇಲೂ ನೀಲಿ ಬಣ್ಣದಲ್ಲಿ ಬಿಲ್ವಪತ್ರೆಯ ಮುದ್ರೆ ಇರುತ್ತಿತ್ತು. ಸುತ್ತಲ ಹಳ್ಳಿಗಳ ಈರುಳ್ಳಿಯೆಲ್ಲ ಆ ಚೀಲಗಳಲ್ಲೇ ಪೇಟೆಗೆ ಬರುತ್ತಿತ್ತು.

"ನೀವು... ಇಲ್ಲಿ...?" ಎಂದಳು ಸ್ಫೂರ್ತಿ.

"ಹೂಂ. ನಾನೇ." ಅವನು ಚೀಲದ ಅಂಚನ್ನು ಬೆರಳಲ್ಲಿ ಮಡಿಸುತ್ತಾ ನಿಂತ. "ಅವತ್ತು ನೀವು ಒಂದು ಮಾತು ಹೇಳಿದ್ರಿ. ಎಲ್ಲರೂ ದುಡ್ಡು ಉಳಿಸೋಕೆ ಹೋದ್ರೆ ಯಾರಿಗೂ ಉಳಿಯಲ್ಲ ಅಂತ. ಅದು ಅರ್ಧ ಮಾತ್ರ ಸತ್ಯ ಮೇಡಂ. ಉಳಿಸಿದ ದುಡ್ಡೇ ನಾಳೆ ಬಂಡವಾಳ ಆಗುತ್ತೆ."

ಹೆಣ್ಣು ನೋಡೋಕೆ ಬಂದು ಬಂಡವಾಳದ ಮಾತಾ! "ಕೊಳ್ಳೋರೇ ಇಲ್ದಿದ್ರೆ ಬಂಡವಾಳ ಯಾರು ಹಾಕ್ತಾರೆ ಸರ್?"

"ಸಾಲ ಅಗ್ಗ ಮಾಡಿ, ಇಲ್ಲದ ಬೇಡಿಕೇನ ಇದೆ ಅಂತ ತೋರಿಸಿದ್ರೆ ಕಟ್ಟಬಾರದ್ದನ್ನೆಲ್ಲ ಕಟ್ತಾರೆ. ಆಮೇಲೆ ಬೀಳುತ್ತೆ!"

"ಬೀಳುತ್ತೆ ಅಂತ ಹೊಟ್ಟೆಗಿಲ್ಲದೆ ಕೂರೋಕಾಗುತ್ತಾ!"

ಕೆಳಗೆ ನಡುಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಮಲ್ಲಿಕಾಂಬ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಅಯ್ಯೋ ಶಿವನೇ, ಈಗಲೇ ಜಗಳ ತಗದವಲ್ಲ!"

ಮೇಲೆ ಅವನು ತಿರುಗಿ ನೇರವಾಗಿ ಅವಳ ಕಣ್ಣು ನೋಡಿದ. ದನಿ ಇದ್ದಕ್ಕಿದ್ದ ಹಾಗೆ ಮೆತ್ತಗಾಗಿತ್ತು.

"ಒಂದು ಕೇಳ್ಲಾ? ಈ ಮದುವೆ ನಿಮಗೆ ಬೇಕಾ?"

ಬೇಕು... ಎಂದು ಅವಳ ಇಡೀ ಮೈ ಹೇಳಿತು. ಆದರೆ ಅಮ್ಮ ಬೆಳಿಗ್ಗೆಯಿಂದ ಹೇಳಿಕೊಟ್ಟ ಮಾತೊಂದಿತ್ತು. ಅವಳ ಚಿಕ್ಕಮ್ಮಂದಿರು, ಅತ್ತೆಯಂದಿರು, ಎಲ್ಲರೂ ಹೇಳಿದ್ದ ಮಾತು. ಅದೇ ನಾಲಿಗೆಯ ತುದಿಗೆ ಬಂತು.

"ಅಪ್ಪ ಅಮ್ಮ ಹೇಗೆ ಹೇಳಿದ್ರೆ ಹಾಗೆ."

ಅವನ ಮುಖದಲ್ಲಿದ್ದ ಬೆಳಕು ಆರಿತು. "ಅವರ ಉತ್ತರ ಕೇಳೋಕೆ ನಾನು ಇಷ್ಟು ದೂರ ಬರ್ಲಿಲ್ಲ ಮೇಡಂ," ಎಂದು ಮೆಟ್ಟಿಲಿಳಿದುಬಿಟ್ಟ.

ಇದೇನು ಮಾತು? ಬೇಡ ಎಂದನೇ? ಸಿಟ್ಟು ಬಂತೇ? ಹಾಗಾದರೆ ಬಂದದ್ದಾದರೂ ಯಾಕೆ?

* * *

ಗಂಡಿನ ಕಡೆಯವರು ಎಂಟು ದಿನದೊಳಗೆ ಹೇಳಿಕಳಿಸಬೇಕು. ಅದು ಅಲ್ಲಿಯ ಪದ್ಧತಿ. ಹೇಳಿಕಳಿಸದಿದ್ದರೆ ಬೇಡ ಎಂದೇ ಅರ್ಥ. ಹೆಣ್ಣಿನ ಕಡೆಯವರು ತಾವಾಗಿ ಹೋಗಿ ಕೇಳುವ ಹಾಗಿಲ್ಲ. ಕೇಳಿದರೆ ಮರ್ಯಾದೆ ಹೋದಂತೆ.

ಎಂಟು ದಿನ ಕಳೆಯಿತು. ಗಿರಿಯಪ್ಪ ಮೇಷ್ಟ್ರ ಫೋನು ಬರಲಿಲ್ಲ. ಹತ್ತು ದಿನವಾಯಿತು. ಅಪ್ಪ ಊಟಕ್ಕೆ ಕೂತಾಗ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದುದು ಸ್ಫೂರ್ತಿಗೆ ಕಾಣುತ್ತಿತ್ತು.

ಮೂರನೆಯ ಭಾನುವಾರ ಬೆಳಿಗ್ಗೆ ಅವಳು ಸ್ಟೇಷನ್ ರಸ್ತೆಗೆ ತರಕಾರಿಗೆ ಹೋದಳು. ಶಂಕರಮ್ಮಜ್ಜಿ ರಸ್ತೆ ಬದಿಯಲ್ಲಿ ಈರುಳ್ಳಿ ರಾಶಿ ಹಾಕಿಕೊಂಡು ಕೂತಿತ್ತು.

"ಅಜ್ಜಿ, ಇದು ತೀರಾ ಜಾಸ್ತಿಯಾಯ್ತು. ಐದು ರೂಪಾಯಿ ಬಿಡು."

"ಬಿಡ್ತೀನಿ, ಬಿಡ್ತೀನಿ. ಹಂಗೇ ನನ್ನ ಗುಡಿಸಲೂ ಬರಕೊಡ್ತೀನಿ, ತಗಂಡೋಗು!"

ಹಿಂದಿನಿಂದ ಒಂದು ದನಿ ಬಂತು. "ಅಜ್ಜಿ, ನೀವು ಹೇಳಿದ ಬೆಲೆಗೇ ನಂಗೆ ಒಂದು ಮೂಟೆ."

ಸ್ಫೂರ್ತಿ ತಿರುಗಿದಳು. ರುದ್ರಮೂರ್ತಿ! ಇವಳನ್ನು ಕಂಡು ಅವನೇ ಹೆಚ್ಚು ಬೆಚ್ಚಿದಂತಿತ್ತು.

"ಸರ್ಕಾರ ಕೈ ಬಿಚ್ಚಬೇಕು ಅನ್ನೋರು ಐದು ರೂಪಾಯಿಗೆ ಚೌಕಾಸಿ ಮಾಡ್ತೀರಾ ಮೇಡಂ?"

"ಬೆಲೆ ತಾನಾಗಿ ಇಳೀಲಿ ಅನ್ನೋರು ಕೇಳಿದಷ್ಟು ಕೊಡ್ತೀರಾ ಸರ್?"

"ಬೆಲೆ ಈರುಳ್ಳಿ ಒಳಗಿರಲ್ಲ ಮೇಡಂ. ಬೇಕು ಅನ್ನೋನ ಮನಸ್ಸಲ್ಲಿರುತ್ತೆ. ನಂಗೆ ಇದು ಅಷ್ಟು ಬೆಲೆ ಬಾಳುತ್ತೆ."

ಇಬ್ಬರೂ ನಕ್ಕರು. ಆಮೇಲೆ ನಗು ಎಲ್ಲಿಗೆ ಹೋಯಿತೋ...! ಮನೆ ಇಲ್ಲಿಂದ ಐದು ನಿಮಿಷ. ಬನ್ನಿ ಎನ್ನಲೇ? ಹೇಳಿಕಳಿಸದ ಗಂಡನ್ನು ಹೆಣ್ಣು ಮನೆಗೆ ಕರೆಯಬಹುದೇ?

"ಏನಾದ್ರೂ... ಹೇಳೋದಿತ್ತಾ ಮೇಡಂ?" ಎಂದ ಅವನು, ಉಸಿರು ಹಿಡಿದವನಂತೆ.

"ಇಲ್ಲ... ನಿಮಗೆ?"

"...ಇಲ್ಲ."

ಮೂಟೆಯನ್ನು ಆಟೋಗೆ ಹಾಕಿಸಿಕೊಂಡು ಅವನು ಹೋದ. ಶಂಕರಮ್ಮಜ್ಜಿ ಅವನು ಹೋದ ಕಡೆ ನೋಡಿ, ಇವಳನ್ನು ನೋಡಿ, ಬಾಯೊಳಗಿನ ಎಲೆಅಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿಕೊಂಡಿತು.

ನಮ್ಮೂರಿಗೆ ಬಂದು, ಈರುಳ್ಳಿ ಕೊಂಡು, ಹಾಗೇ ಹೊರಟುಹೋದ! ಈರುಳ್ಳಿಗಿರುವ ಬೆಲೆ ನನಗಿಲ್ಲವೇ? ಇಡೀ ದಿನ ಅವಳ ತಲೆಯಲ್ಲಿ ಏನೋ ಒಂದು ಸರಿಹೊಂದದೆ ಕೊರೆಯುತ್ತಿತ್ತು. ಅವನು ಹೇಳಿದ್ದೋ, ಮಾಡಿದ್ದೋ, ಯಾವುದೆಂದು ಹೊಳೆಯಲಿಲ್ಲ.

* * *

ಬುಧವಾರ ರಾತ್ರಿ ಊಟ ಮುಗಿದ ಮೇಲೆ ಅಪ್ಪ ಮೆಲ್ಲಗೆ ಮಾತು ತೆಗೆದರು.

"ತರೀಕೆರೆಯಿಂದ ಒಂದು ಸಂಬಂಧ ಬಂದೈತೆ ಮಗಾ. ಶಶಿಧರ ಅಂತ, ಬ್ಯಾಂಕಲ್ಲಿ ಕೆಲಸ. ನಿನ್ನ ಕಾಲೇಜಲ್ಲೇ ನೋಡಿ ಒಪ್ಪಿದ್ದಾರಂತೆ. ಒಳ್ಳೇ ಜನ ಕಣಮ್ಮ. ಸೋಮವಾರ ಉತ್ತರ ಕೊಡ್ತೀನಿ ಅಂದಿದೀನಿ. ಆ ಕಡೂರಿನ ಹುಡುಗನ ಕಡೆಯಿಂದ... ಇನ್ನೇನು ಬರಲ್ಲ ಬಿಡು."

ಸ್ಫೂರ್ತಿ ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಅಪ್ಪನಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

ಮರುದಿನ ತರಗತಿಯಲ್ಲಿ ಅದೇ ಪಾಠ. ಬೋರ್ಡಿನ ಮೇಲೆ ಒಂದು ಊರಿನ ಚಿತ್ರ ಬರೆದಿದ್ದಳು. ದರ್ಜಿ, ಚಪ್ಪಲಿ ಅಂಗಡಿಯವನು, ಹೋಟೆಲಿನವನು. ದರ್ಜಿ ಬಟ್ಟೆ ಹೊಲಿಸಲು ಯಾರಾದರೂ ಬರಲಿ, ಆಮೇಲೆ ಚಪ್ಪಲಿ ಕೊಳ್ಳೋಣ ಎಂದು ಕಾಯುತ್ತಾನೆ. ಚಪ್ಪಲಿಯವನು ಚಪ್ಪಲಿ ಮಾರಿದ ಮೇಲೆ ಬಟ್ಟೆ ಹೊಲಿಸೋಣ ಎಂದು ಇವನಿಗಾಗಿ ಕಾಯುತ್ತಾನೆ.

"ಇಬ್ಬರಿಗೂ ಬೇಕು. ಇಬ್ಬರೂ ಕೆಟ್ಟವರಲ್ಲ. ಆದ್ರೂ ಊರು ಹಾಳು ಬೀಳುತ್ತೆ. ಯಾಕೆ ಹೇಳಿ?"

ಮುಂದಿನ ಬೆಂಚಿನ ಪ್ರಿಯಾಂಕಾ ಕೈ ಎತ್ತಿದಳು. "ಯಾರೂ ಮೊದಲು ಹೋಗಲ್ವಲ್ಲ, ಅದಕ್ಕೆ ಮೇಡಂ."

"ಸರಿ. ಹಾಗಾದ್ರೆ ಯಾರು ಮೊದಲು ಹೋಗಬೇಕು?"

"ಸರ್ಕಾರ ಮೇಡಂ." ಹುಡುಗಿ ಪೆನ್ನು ಕಚ್ಚಿಕೊಂಡು ಯೋಚಿಸಿದಳು. "ಸರ್ಕಾರಾನೇ ಇಲ್ದಿರೋ ಕಡೆ ಯಾರು ಹೋಗ್ಬೇಕು ಮೇಡಂ?"

ಸ್ಫೂರ್ತಿಯ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು.

"ಮೇಡಂ...?"

"ಯಾರಿಗೆ ಹೆಚ್ಚು ಬೇಕೋ... ಅವರು," ಎಂದಳು. ಪುಸ್ತಕದಲ್ಲಿ ಹಾಗೆ ಇರಲಿಲ್ಲ.

* * *

ಭಾನುವಾರ ಬೆಳಿಗ್ಗೆ ಅವಳು ಅಂಗಡಿಗೇ ಹೋಗಿ ಅಪ್ಪನ ಮುಂದೆ ನಿಂತಳು.

"ಅಪ್ಪಾ, ನಾಳೆ ಉತ್ತರ ಕೊಡೋ ಮುಂಚೆ ನಾನು ಚೌಳಹಿರಿಯೂರಿಗೆ ಹೋಗಿ ಬತ್ತೀನಿ. ನಾನೇ ಕೇಳ್ತೀನಿ. ಬೇಡ ಅಂದ್ರೆ ಬೇಡ. ಆಮೇಲೆ ನೀವು ಹೇಳಿದ ಹಾಗೆ."

ಮಲ್ಲಿಕಾರ್ಜುನಪ್ಪ ಚೀಲ ಹೊಲಿಯುತ್ತಿದ್ದ ದಬ್ಬಳವನ್ನು ಕೆಳಗಿಟ್ಟರು. "ಹೆಣ್ಣಿನ ಕಡೆಯವರು ಹೋಗಿ ಕೇಳೋದು ಎಲ್ಲಾದ್ರೂ ಉಂಟೇನಮ್ಮ? ಬೇಡ ಅಂದ್ಬಿಟ್ರೆ ನಾಳೆ ಪೇಟೆಯಲ್ಲಿ ನಾನು ಹೆಂಗೆ ತಲೆ ಎತ್ತಲಿ?"

"ಅಂದ್ರೆ ಅಂದ್ರು ಅಪ್ಪಾ. ನಂಗೆ ಗೊತ್ತಾಗುತ್ತಲ್ಲ. ಇದು ಏನೂ ಅರ್ಥ ಆಗ್ದೇ ಇರೋದಿದೆ ನೋಡಿ... ಇದೇ ಕಷ್ಟ."

ಅಪ್ಪ ಎದ್ದು ಅಂಗಡಿಯ ಒಂದು ಬಾಗಿಲು ಎಳೆದುಕೊಂಡರು. "ನಡಿ. ಬಸ್ ಹತ್ತಿಸಿ ಬತ್ತೀನಿ. ನಿಮ್ಮಮ್ಮಂಗೆ ಹೇಳ್ಬೇಡ, ಕಡೂರಿಗೆ ಪುಸ್ತಕ ತರೋಕೆ ಹೋದ್ಲು ಅಂತೀನಿ."

ಕಡೂರಿನಲ್ಲಿ ಬಸ್ಸು ಬದಲಿಸಿದಳು. ಚೌಳಹಿರಿಯೂರು ಹತ್ತಿರವಾದಂತೆ ಧೈರ್ಯ ಒಂದೊಂದು ಸ್ಟಾಪಿನಲ್ಲೂ ಇಳಿದು ಹೋಗುತ್ತಿತ್ತು. ಏನೆಂದು ಕೇಳುವುದು? ಇದೇ ಬಸ್ಸಲ್ಲಿ ವಾಪಸ್ ಹೋಗಿಬಿಡಲೇ? ಯೋಚಿಸುತ್ತಲೇ ಇಳಿದಿದ್ದಳು.

ಮನೆ ತೋರಿಸುವುದು ಯಾರಿಗೂ ಕಷ್ಟವಾಗಲಿಲ್ಲ. ಜಗುಲಿಯಲ್ಲಿ ಅವನ ತಾಯಿ ತೀರ್ಥಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅಜ್ಜಂಪುರಕ್ಕೆ ಮಗನ ಜೊತೆ ಬಂದಿದ್ದವರು. ಗುರುತು ಹಿಡಿಯಲು ಒಂದು ಗಳಿಗೆ ಸಾಕಾಯಿತು.

"ಅಯ್ಯೋ ನನ್ನವ್ವ! ಬಾ, ಬಾ ಒಳಕ್ಕೆ. ಹುಷಾರು ಕಣವ್ವ, ಎಡವೀಯೆ! ಅಲ್ಲಿ ಈರುಳ್ಳಿ ಐತೆ."

ಹೊಸ್ತಿಲು ದಾಟಿದ ಸ್ಫೂರ್ತಿ ನಿಂತುಬಿಟ್ಟಳು.

ನಡುಮನೆಯ ಗೋಡೆಗೆ ಒರಗಿಸಿ ಐದು ಮೂಟೆ. ಐದರ ಮೇಲೂ ನೀಲಿ ಬಿಲ್ವಪತ್ರೆ. ಅಪ್ಪನ ಅಂಗಡಿಯ ಚೀಲಗಳು!

"ನೋಡವ್ವ ನೀನೇ," ತೀರ್ಥಮ್ಮ ಸೊಂಟದ ಮೇಲೆ ಕೈಯಿಟ್ಟರು. "ಹಿತ್ತಲ ಕೊಟ್ಟಿಗೆ ತುಂಬಾ ನಮ್ಮ ಹೊಲದ ಈರುಳ್ಳೀನೇ ಕೊಳೀತಾ ಬಿದ್ದೈತೆ. ಇವನು ನೋಡಿದ್ರೆ ಭಾನುವಾರ ಭಾನುವಾರ ಅಜ್ಜಂಪುರಕ್ಕೆ ಹೋಗಿ ಈರುಳ್ಳಿ ಕೊಂಡ್ಕಂಡು ಬತ್ತಾನೆ! ಊರೋರೆಲ್ಲ ನಗ್ತಾವ್ರೆ. ನಿನ್ನ ಮಗ ಮೇಷ್ಟ್ರಾಗಿ ತಲೆ ಕೆಡಿಸ್ಕಂಡ ಅಂತಾವ್ರೆ."

ಇಷ್ಟು ದಿನ ತಲೆಯಲ್ಲಿ ಸರಿಹೊಂದದೆ ಕೊರೆಯುತ್ತಿದ್ದದ್ದು ಇದೇ! 'ನಾವೂ ಈರುಳ್ಳಿ ಬೆಳೆಯೋರೇ' ಎಂದಿದ್ದನಲ್ಲ!

"ನಾನು ಹೇಳಿಕಳಿಸ್ತೀನಿ ಕಣೋ ಅಂದೆ. ಬೇಡವಂತೆ! ಆ ಹುಡುಗಿ ಬಾಯಿಂದಾನೇ ಬರಬೇಕಂತೆ, ಯಾರೂ ಅವಳ ಪರವಾಗಿ ಹೇಳಬಾರದಂತೆ, ಅದ್ಯಾವುದೋ ಪಂಥವಂತೆ. ನಾಳೆ ಮಠದಲ್ಲಿ ಸ್ವಾಮಿಗಳು ನಿಮ್ಮ ಮಗ ಯಾವ ಪಂಥ ಅಂತ ಕೇಳಿದ್ರೆ ನಾನು ಏನ್ ಹೇಳ್ಲವ್ವ?"

ಸ್ಫೂರ್ತಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿಬಂತು. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ನೆರಳಾಡಿತು. ಮೊಣಕಾಲಿನವರೆಗೆ ಕೆಸರು ಮೆತ್ತಿದ ರುದ್ರಮೂರ್ತಿ, ಕೈಯಲ್ಲಿ ಸನಿಕೆ ಹಿಡಿದವನು, ಹಾಗೇ ನಿಂತಿದ್ದ.

"ಮೇಡಂ...!"

ತೀರ್ಥಮ್ಮ ಅವರೆಕಾಯಿಯ ಮೊರ ಎತ್ತಿಕೊಂಡರು. "ಕಾಫಿ ಮಾಡ್ತೀನಿ. ಹಾಲು ಕಾಯೋದು ತಡ ಆಗುತ್ತೆ," ಎಂದು ಒಳಗೆ ನಡೆದರು.

"ಯಾಕೆ ಸರ್ ಇಷ್ಟೊಂದು ಈರುಳ್ಳಿ?" ಎಂದಳು ಸ್ಫೂರ್ತಿ.

ಅವನು ಸನಿಕೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಮತ್ತೆ ಒರಗಿಸಿದ.

"ಚರ್ಚೆ ಆದ ಮುಂದಿನ ಭಾನುವಾರಾನೇ ಬಂದೆ. ನಿಮ್ಮನ್ನೇ ಕೇಳಬೇಕು ಅಂತ. ನಿಮ್ಮ ಬೀದಿ ತಿರುವಿನವರೆಗೂ ಬಂದು ಕಾಲು ಹೋಗ್ಲಿಲ್ಲ. ಶಂಕರಮ್ಮಜ್ಜಿ ಮುಂದೆ ನಿಂತಿದ್ದೆ. 'ಏನು ಬೇಕಪ್ಪಾ?' ಅಂತ ಕೇಳಿದ್ರು. ಏನು ಬೇಕು ಅಂತ ಹೇಳೋಕಾಗ್ಲಿಲ್ಲ... ಈರುಳ್ಳಿ ಅಂದೆ."

"ಐದು ಸಲ?"

"ಎರಡು ಸಲ ಆದ ಮೇಲೆ ನಾನೇ ಗಿರಿಯಪ್ಪ ಮೇಷ್ಟ್ರನ್ನ ಹಿಡಿದೆ. ನಿಮ್ಮನೆಗೆ ಬಂದೆ. ಆಮೇಲೆ ಮತ್ತೆ ಮೂರು ಸಲ. ಇವತ್ತು ಹೊರಟೇ ಇದ್ದೆ, ಅಮ್ಮ ಚಪ್ಪಲಿ ಬಚ್ಚಿಟ್ಟಿದ್ದಾರೆ."

"ಮತ್ತೆ ಯಾಕೆ ಹೇಳಿಕಳಿಸ್ಲಿಲ್ಲ? ಎಂಟು ದಿನ ಕಾದೆ ನಾನು! ಅಪ್ಪ ಊಟಕ್ಕೆ ಕೂತಾಗ್ಲೂ ಫೋನ್ ಬಿಡ್ತಿರ್ಲಿಲ್ಲ!"

"ನೀವು ಅಪ್ಪ ಅಮ್ಮ ಹೇಳಿದ ಹಾಗೆ ಅಂದ್ರಲ್ಲ. ನಾನು ಹೇಳಿಕಳಿಸಿದ್ರೆ ಹಿರಿಯರು ಹೂಂ ಅಂತಾರೆ, ನೀವೂ ತಲೆ ಬಗ್ಗಿಸಿ ಹೂಂ ಅಂತೀರಿ. ನಿಮಗೆ ಏನು ಬೇಕು ಅನ್ನೋದು ನಂಗೆ ಯಾವತ್ತೂ ಗೊತ್ತಾಗಲ್ಲ." ಅವನು ತಲೆ ತಗ್ಗಿಸಿದ. "ನಾನು ಬಂದದ್ದೇ ಸಾಕು, ಅದರಲ್ಲೇ ತಿಳಿಯುತ್ತೆ ಅಂದ್ಕೊಂಡೆ. ಮನುಷ್ಯನ ಮನಸ್ಸು ಅವನು ಮಾಡೋ ಕೆಲಸದಲ್ಲೇ ಕಾಣುತ್ತೆ ಅಂತ ನಾನು ಪಾಠ ಮಾಡೋನು..."

"ನೀವು ಮೂಟೆ ಕೊಂಡ್ರೆ ನಂಗೆ ಕಾಣೋದು ಮೂಟೆ ಸರ್! ಬಾಯಿಬಿಟ್ಟು ಹೇಳ್ಬೇಕಲ್ವಾ!"

"ನೀವು ಹೇಳಿದ್ರಾ?"

ಇಲ್ಲ. ಅವಳೂ ಹೇಳಿರಲಿಲ್ಲ. ಸ್ಫೂರ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾಳೆ ಅಪ್ಪ ತರೀಕೆರೆಯವರಿಗೆ ಹೂಂ ಅಂತಾರೆ. ಅಷ್ಟರೊಳಗೆ ಹೇಳಿಬಿಡ್ತೀನಿ. ಇದು ಅಪ್ಪನ ಉತ್ತರ ಅಲ್ಲ, ಅಮ್ಮನದ್ದೂ ಅಲ್ಲ. ಅವತ್ತು ತಾರಸಿ ಮೇಲೇ ಹೇಳಬೇಕಿತ್ತು. ನಂಗೆ ಬೇಕು. ನೀವು ಬೇಕು. ಆ ಹಾಳು ಆಸ್ಟ್ರಿಯನ್ ಪಂಥದ ಸಮೇತ ಬೇಕು!"

ಒಳಗೆ ಪಾತ್ರೆಯೊಂದು ದಡಾರನೆ ಬಿತ್ತು. ಹಾಲು ಕಾಯುತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

ರುದ್ರಮೂರ್ತಿ ಮೊದಲ ಮೂಟೆಯ ಹತ್ತಿರ ಕೂತು ಅದರ ಬಾಯಿ ಬಿಚ್ಚಿದ. ಒಂದು ಈರುಳ್ಳಿ ತೆಗೆದು ಅವಳ ಅಂಗೈಯಲ್ಲಿಟ್ಟ. ಅದರ ನೆತ್ತಿಯ ಮೇಲೆ ಬೆರಳುದ್ದ ಹಸಿರು ಮೊಳಕೆ ಎದ್ದಿತ್ತು.

"ನೀವು ಅವತ್ತೇ ಹೇಳಿದ್ರಿ," ಎಂದ ಅವನು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ಆ ಹಳೆಯ ನಗು. "ಕಾಯ್ತಾ ಕೂತ್ರೆ ಹಿಂಗಾಗುತ್ತೆ ಅಂತ."

"ಎಮ್ಮೆಗೆ ಹಾಕ್ತೀರಾ?"

"ಇಲ್ಲ. ಇದನ್ನ ನೆಡ್ತೀನಿ." ಅವನು ಎದ್ದು ನಿಂತ. "ಈಗ್ಲೇ ಅಮ್ಮನ್ನ ಕರ್ಕೊಂಡು ನಿಮ್ಮ ಜೊತೇನೇ ಬಸ್ ಹತ್ತುತೀನಿ. ನಿಮ್ಮಪ್ಪಂಗೆ ನಾನೇ ಹೇಳ್ತೀನಿ. ಬರ್ಲಾ... ಸ್ಫೂರ್ತಿ?"

ಇಷ್ಟು ದಿನ ಮೇಡಂ ಎನ್ನುತ್ತಿದ್ದವನ ಬಾಯಲ್ಲಿ ಅವಳ ಹೆಸರು! ತನ್ನ ಹೆಸರು ಇಷ್ಟು ಚೆಂದವಿದೆ ಎಂದು ಅವಳಿಗೆ ತಿಳಿದಿರಲೇ ಇಲ್ಲ.

"ಮೊದಲು ಕಾಲು ತೊಳ್ಕೊಳ್ಳಿ," ಎಂದಳು, ಮೊಳಕೆಯ ಈರುಳ್ಳಿಯನ್ನು ಎದೆಗವಚಿಕೊಂಡು. "ಆಮೇಲೆ ಒಂದು ಮಾತು."

"ಏನು?"

"ಬರೋವಾಗ ಆ ಚೀಲ ಖಾಲಿ ಮಾಡಿ ಮರೀದೆ ತನ್ನಿ. ಅಪ್ಪ ಅದನ್ನ ನೋಡಿದ್ರೆ ಸಾಕು, ನೀವು ಬಾಯಿ ಬಿಡೋ ಮುಂಚೇನೇ ಅವರಿಗೆ ಎಲ್ಲಾ ಅರ್ಥ ಆಗುತ್ತೆ."

"ಅಯ್ಯೋ ಬೇಡ," ಎಂದ ರುದ್ರಮೂರ್ತಿ. "ಇನ್ನು ಮೇಲೆ ಬಾಯಿಬಿಟ್ಟೇ ಹೇಳ್ತೀನಿ."